19 ಸೂತ್ರಗಳಿಂದ ಒಂದಕ್ಕೆ: ಅಣುವಿನ ರಚನೆ ಗೊತ್ತಾದ ಬಗೆ

ವಿನೆಗರ್‌ಗೆ ಹುಳಿ ಕೊಡುವ ವಸ್ತು ಅಸೆಟಿಕ್ ಆಮ್ಲ. ಅದರ ಒಂದು ಅಣುವಿನಲ್ಲಿ 2 ಕಾರ್ಬನ್, 4 ಹೈಡ್ರೋಜನ್, 2 ಆಕ್ಸಿಜನ್ ಪರಮಾಣುಗಳಿವೆ. ಅವು ಹೇಗೆ ಜೋಡಿಸಿಕೊಂಡಿವೆ ಅನ್ನೋದನ್ನು ಇವತ್ತು ಹತ್ತನೇ ಕ್ಲಾಸಿನ ಮಕ್ಕಳು ಗೆರೆ ಎಳೆದು ಬರೆದು ತೋರಿಸುತ್ತಾರೆ. ಆದರೆ 1861ರಲ್ಲಿ ಆಗಸ್ಟ್ ಕೆಕುಲೆ ಅನ್ನುವ ಜರ್ಮನ್ ರಸಾಯನಶಾಸ್ತ್ರಜ್ಞರು ತಮ್ಮ ಪಠ್ಯಪುಸ್ತಕದಲ್ಲಿ ಈ ಒಂದೇ ಆಮ್ಲಕ್ಕೆ ಆಗ ಚಾಲ್ತಿಯಲ್ಲಿದ್ದ ಸೂತ್ರಗಳನ್ನೆಲ್ಲ ಸಾಲಾಗಿ ಕೊಟ್ಟರು. ಒಟ್ಟು 19 ಸೂತ್ರಗಳು. ಪ್ರತಿಯೊಂದರ ಹಿಂದೆಯೂ ಯಾರೋ ಒಬ್ಬ ದೊಡ್ಡ ವಿದ್ವಾಂಸರಿದ್ದರು, ಅವರದೇ ಒಂದು ವಾದವಿತ್ತು.

ಅಲ್ಲಿಂದ ಹತ್ತೇ ವರ್ಷ ಕಳೆಯುವಷ್ಟರಲ್ಲಿ ಆ 19 ಹೋಗಿ ಒಂದೇ ಉಳಿಯಿತು. ಅಣುವನ್ನು ಯಾರೂ ಕಣ್ಣಿಂದ ನೋಡಿರಲಿಲ್ಲ. ಎಕ್ಸ್-ರೇ ಇರಲಿಲ್ಲ. ಎಲೆಕ್ಟ್ರಾನ್ ಹೆಸರೇ ಹುಟ್ಟಿರಲಿಲ್ಲ. ಪರಮಾಣು ನಿಜವಾಗಿ ಇದೆಯೋ ಇಲ್ಲವೋ ಅನ್ನೋ ಜಗಳವೇ ಮುಗಿದಿರಲಿಲ್ಲ. ಹೀಗಿದ್ದೂ ಅವರು ಆಗ ಎಳೆದ ಗೆರೆಗಳು ಇವತ್ತಿಗೂ ಸರಿಯಾಗಿವೆ. ಮನುಷ್ಯನ ಬುದ್ಧಿ ಮಾಡಿದ ಅತ್ಯಂತ ಸುಂದರ ಕೆಲಸಗಳಲ್ಲಿ ಇದೂ ಒಂದು ಎಂದು ನಾನು ನಂಬಿದ್ದೇನೆ. ಆದರೆ ಈ ಕಥೆ ಹೇಳುವಾಗ ನಾವು ಜಾಸ್ತಿ ನೆನೆಯುವುದು ಬೆಂಜೀನ್ ಅನ್ನುವ ವಸ್ತುವಿನ ರಚನೆ ಹುಡುಕುವಾಗ ಕೆಕುಲೆಗೆ ಬಿದ್ದಿತ್ತು ಎನ್ನುವ ಹಾವಿನ ಕನಸನ್ನು. ನಿಜವಾದ ಕೆಲಸ ಕನಸಿನಲ್ಲಿ ಆಗಲಿಲ್ಲ. ಅದು ಆದದ್ದು ಎಣಿಕೆಯಲ್ಲಿ. ಒಂದು ವಸ್ತುವಿಗೆ ಎಷ್ಟು ರೂಪಗಳಿರಲು ಸಾಧ್ಯ ಎಂದು ಕಾಗದದ ಮೇಲೆ ಎಣಿಸುವುದು, ಅಷ್ಟು ಸಿಗುತ್ತವೆಯೇ ಎಂದು ಲ್ಯಾಬಿನಲ್ಲಿ ಹುಡುಕುವುದು. ಅಷ್ಟೇ.

ತೂಕ ಹೇಳುವುದೆಷ್ಟು, ಹೇಳದೇ ಇರುವುದೆಷ್ಟು

ಮೊದಲು ಆ ಕಾಲದವರ ಕೈಯಲ್ಲಿ ಏನಿತ್ತು ನೋಡೋಣ. ಒಂದು ವಸ್ತುವನ್ನು ತೂಕ ಮಾಡಿ ಪೂರ್ತಿ ಸುಡುವುದು. ಅದರೊಳಗಿನ ಕಾರ್ಬನ್ ಎಲ್ಲ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಹೈಡ್ರೋಜನ್ ಎಲ್ಲ ನೀರಾಗುತ್ತದೆ. ಎರಡನ್ನೂ ಹಿಡಿದು ತೂಗಿದರೆ ಆಯಿತು. ಇದಕ್ಕೆ ಗೀಸನ್ ಊರಿನ ಯುಸ್ಟುಸ್ ಲೀಬಿಗ್ 1831ರಲ್ಲಿ ಐದು ಗುಂಡುಗಳ ಪುಟ್ಟ ಗಾಜಿನ ಉಪಕರಣವೊಂದನ್ನು ಮಾಡಿದರು. ಗುಂಡುಗಳೊಳಗೆ ಪೊಟ್ಯಾಷ್ ದ್ರಾವಣ. ಗ್ಯಾಸು ಗುಳುಗುಳು ಎಂದು ಒಂದೊಂದೇ ಗುಂಡನ್ನು ದಾಟಿ ಹೋಗುವಾಗ ಅದರಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ದ್ರಾವಣ ಹೀರಿಕೊಳ್ಳುತ್ತದೆ. ಮೊದಲು ಎಷ್ಟು ತೂಗುತ್ತಿತ್ತು, ಆಮೇಲೆ ಎಷ್ಟು ಅಂತ ನೋಡಿದರೆ ಕಾರ್ಬನ್ ಲೆಕ್ಕ ಸಿಕ್ಕಿತು. ಅದಕ್ಕೆ ಮೊದಲು ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸವನ್ನು ಈಗ ವಿದ್ಯಾರ್ಥಿಗಳೂ ಮಾಡಬಹುದಾಯಿತು.

ಆದರೆ ಇದರಿಂದ ತಿಳಿಯುವುದು ಯಾವುದು ಎಷ್ಟಿದೆ ಅನ್ನುವುದು ಮಾತ್ರ. ಅದು ಸಾಲದು ಎಂದು 1820ರ ದಶಕದಲ್ಲೇ ಗೊತ್ತಾಗಿತ್ತು. ಲೀಬಿಗ್ ಬೆಳ್ಳಿಯ ಫಲ್ಮಿನೇಟ್ ಅನ್ನು ಅಳೆದರು. ಮುಟ್ಟಿದರೆ ಸಿಡಿಯುವ ವಸ್ತು ಅದು. ಫ್ರೀಡ್ರಿಶ್ ವೋಲರ್ ಬೆಳ್ಳಿಯ ಸಯನೇಟ್ ಅನ್ನು ಅಳೆದರು. ಅದು ಸಿಡಿಯುವುದೇ ಇಲ್ಲ. ಆದರೆ ಎರಡರ ಲೆಕ್ಕವೂ ಒಂದೇ ಬಂತು! ಬೆಳ್ಳಿ, ಕಾರ್ಬನ್, ನೈಟ್ರೋಜನ್, ಆಕ್ಸಿಜನ್, ಒಂದಕ್ಕೆ ಒಂದರಂತೆ. ನಿಮ್ಮ ಲೆಕ್ಕ ತಪ್ಪು, ಇಲ್ಲ ನಿಮ್ಮದೇ ತಪ್ಪು ಎಂದು ಮೊದಲು ವಾದ ನಡೆಯಿತು. ಕೊನೆಗೆ ಇಬ್ಬರದೂ ಸರಿ ಎಂದಾಯಿತು. 1828ರಲ್ಲಿ ಇದೇ ವೋಲರ್ ಅಮೋನಿಯಂ ಸಯನೇಟ್ ಮಾಡಲು ಹೋದಾಗ ಮೂತ್ರದಲ್ಲಿರುವ ಯೂರಿಯಾ ಸಿಕ್ಕಿತು. ಅಲ್ಲೂ ಹಾಗೇ, ಪರಮಾಣುಗಳು ಅವೇ, ವಸ್ತು ಬೇರೆ. ಸ್ವೀಡನ್‌ನ ಬರ್ಜೀಲಿಯಸ್ ಇಂಥ ಜೋಡಿಗಳಿಗೆ 1830ರಲ್ಲಿ ಐಸೋಮರ್ ಎಂದು ಹೆಸರಿಟ್ಟರು.

ಇವುಗಳಲ್ಲಿ ಬಹಳ ಸರಳವಾದ ಜೋಡಿಯೊಂದನ್ನು ತೆಗೆದುಕೊಳ್ಳೋಣ. 2 ಕಾರ್ಬನ್, 6 ಹೈಡ್ರೋಜನ್, 1 ಆಕ್ಸಿಜನ್. ಒಂದು ರೂಪದಲ್ಲಿ ಅದು ಮದ್ಯದಲ್ಲಿರುವ ಎಥನಾಲ್, 78 ಡಿಗ್ರಿಯಲ್ಲಿ ಕುದಿಯುವ ದ್ರವ. ಇನ್ನೊಂದು ರೂಪದಲ್ಲಿ ಅದು ಡೈಮೀಥೈಲ್ ಈಥರ್. ನಮ್ಮ ಕೋಣೆಯಲ್ಲಿ ಅದು ಬರೀ ಗ್ಯಾಸು. ಹಾಗಾದರೆ ವ್ಯತ್ಯಾಸ ಇರುವುದು ಜೋಡಣೆಯಲ್ಲೇ. ಇಷ್ಟು ಎಲ್ಲರಿಗೂ ಅರ್ಥವಾಗಿತ್ತು. ಆದರೆ ಆ ಜೋಡಣೆಯನ್ನು ತಿಳಿಯುವುದು ಹೇಗೆ?

ಇದರ ಜೊತೆಗೆ ಇನ್ನೊಂದು ತೊಡಕೂ ಇತ್ತು. ನೀರಿನಲ್ಲಿ 1 ಗ್ರಾಂ ಹೈಡ್ರೋಜನ್‌ಗೆ 8 ಗ್ರಾಂ ಆಕ್ಸಿಜನ್ ಇರುತ್ತದೆ ಎಂದು ತಕ್ಕಡಿ ಹೇಳುತ್ತದೆ. ಆಕ್ಸಿಜನ್ ಪರಮಾಣುವಿನ ತೂಕ 8 ಎಂದುಕೊಂಡರೆ ನೀರಿನಲ್ಲಿ ಒಂದು ಹೈಡ್ರೋಜನ್, ಒಂದು ಆಕ್ಸಿಜನ್. ಅದು 16 ಎಂದುಕೊಂಡರೆ ಎರಡು ಹೈಡ್ರೋಜನ್. ಯಾವುದು ಸರಿ ಎಂದು ತಕ್ಕಡಿ ಹೇಳುವುದಿಲ್ಲ. ಕಾರ್ಬನ್‌ದೂ ಇದೇ ಪಾಡು, 6 ಅನ್ನುವವರಿದ್ದರು, 12 ಅನ್ನುವವರೂ ಇದ್ದರು. ಹೀಗಾಗಿ ಒಬ್ಬರು ಬರೆದ ಸೂತ್ರ ಇನ್ನೊಬ್ಬರಿಗೆ ಬೇರೆಯೇ ಆಗಿ ಕಾಣುತ್ತಿತ್ತು. 1860ರ ಸೆಪ್ಟೆಂಬರ್‌ನಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಮೂರು ದಿನದ ದೊಡ್ಡ ಸಭೆ ನಡೆದು, ಇಟಲಿಯ ಕ್ಯಾನಿಝಾರೊ ತಮ್ಮ ದೇಶದ ಅವೊಗಾಡ್ರೊ 1811ರಲ್ಲೇ ಹೇಳಿದ್ದನ್ನು (ಒಂದೇ ಬಿಸಿ, ಒಂದೇ ಒತ್ತಡದಲ್ಲಿ ಸಮ ಗಾತ್ರದ ಗ್ಯಾಸುಗಳಲ್ಲಿ ಅಣುಗಳ ಸಂಖ್ಯೆಯೂ ಸಮ) ಮತ್ತೆ ಮುಂದಿಟ್ಟ ಮೇಲೆ ಈ ಗೊಂದಲ ನಿಧಾನವಾಗಿ ತಿಳಿಯಾಯಿತು.

ಅಸೆಟಿಕ್ ಆಮ್ಲವನ್ನು ಕೇಳಿದ ಪ್ರಶ್ನೆಗಳು

ಅಣುವನ್ನು ನೋಡಲು ಆಗದಿದ್ದರೆ ಏನು ಮಾಡಬಹುದು? ಅದಕ್ಕೆ ಏನಾದರೂ ಮಾಡಿ, ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಬಹುದು. ಅಸೆಟಿಕ್ ಆಮ್ಲದ 4 ಹೈಡ್ರೋಜನ್‌ಗಳನ್ನೇ ತೆಗೆದುಕೊಳ್ಳಿ. ಸೋಡಿಯಂನಂಥ ಲೋಹ ಹಾಕಿದರೆ ನಾಲ್ಕರಲ್ಲಿ ಒಂದೇ ಒಂದು ಜಾಗ ಬಿಡುತ್ತದೆ. ಉಳಿದ ಮೂರು ಅಲುಗುವುದಿಲ್ಲ. ಪ್ಯಾರಿಸ್‌ನ ಜಾನ್ ಬಾಪ್ಟಿಸ್ಟ್ ಡ್ಯೂಮಾ 1838ರ ಹೊತ್ತಿಗೆ ಬಿಸಿಲಿನಲ್ಲಿ ಈ ಆಮ್ಲಕ್ಕೆ ಕ್ಲೋರಿನ್ ಹಾಯಿಸಿದರು. ಆಗ ಆದದ್ದು ತಿರುವುಮುರುವು. ಆ ಮೂರು ಹೈಡ್ರೋಜನ್ ಹೋಗಿ ಮೂರು ಕ್ಲೋರಿನ್ ಬಂದವು. ಆ ಒಂದು ಮಾತ್ರ ಹಾಗೇ ಉಳಿಯಿತು. ಹೊಸ ವಸ್ತುವೂ ಆಮ್ಲವೇ. ಅಂದರೆ ನಾಲ್ಕೂ ಒಂದೇ ಥರ ಇಲ್ಲ. ಮೂರು ಒಂದು ಕಡೆ, ಒಂದು ಇನ್ನೊಂದು ಕಡೆ.

ಇನ್ನೂ ಮುಂದೆ ಹೋಗಿ. ಈ ಆಮ್ಲದ ಲವಣವನ್ನು ಕ್ಷಾರದ ಜೊತೆ ಚೆನ್ನಾಗಿ ಕಾಯಿಸಿದರೆ ಮೀಥೇನ್ ಬರುತ್ತದೆ. ಕ್ಲೋರಿನ್ ತುಂಬಿದ ಆಮ್ಲವನ್ನು ಕ್ಷಾರದ ಜೊತೆ ಕಾಯಿಸಿದರೆ ಕ್ಲೋರೋಫಾರ್ಮ್ ಬರುತ್ತದೆ. ಎರಡರಲ್ಲೂ ಒಂದೇ ಕಾರ್ಬನ್. ಮೂರು ಕ್ಲೋರಿನ್‌ಗಳೂ ಆ ಒಂದು ಕಾರ್ಬನ್‌ನ ಮೇಲೇ ಇವೆ! ಅಂದಮೇಲೆ ಮೊದಲಿದ್ದ ಮೂರು ಹೈಡ್ರೋಜನ್‌ಗಳೂ ಒಂದೇ ಕಾರ್ಬನ್‌ನ ಮೇಲೇ ಇದ್ದವು. 1847ರಲ್ಲಿ ಜರ್ಮನಿಯ ಹೆರ್ಮನ್ ಕೋಲ್ಬೆ ಮತ್ತು ಇಂಗ್ಲೆಂಡಿನ ಎಡ್ವರ್ಡ್ ಫ್ರಾಂಕ್ಲಂಡ್ ಇದನ್ನೇ ಎದುರು ದಿಕ್ಕಿನಿಂದ ತೋರಿಸಿದರು. ಮೀಥೈಲ್ ಅಂದರೆ ಮೂರು ಹೈಡ್ರೋಜನ್ ಹಿಡಿದ ಒಂದು ಕಾರ್ಬನ್‌ನ ಗುಂಪು; ಆ ಗುಂಪು ಇರುವ ಮೀಥೈಲ್ ಸಯನೈಡ್‌ನಿಂದ ಶುರು ಮಾಡಿ ಅಸೆಟಿಕ್ ಆಮ್ಲ ಮಾಡಿದರು.

ಈ ಸಾಕ್ಷಿಗಳನ್ನು ಇವತ್ತು ಓದಿದರೆ ರಚನೆ ಕಣ್ಣಿಗೆ ಕಟ್ಟುತ್ತದೆ, ಅಲ್ವಾ? ಆದರೆ ಆಗ ಹಾಗೆ ಅನ್ನಿಸಲಿಲ್ಲ. ಆ ಕಾಲದ ಮುಖ್ಯ ಚಿಂತಕ ಶಾರ್ಲ್ ಗೆರ್ಹಾರ್ಟ್ ಹೇಳಿದ್ದು ಬೇರೆ. ಕ್ರಿಯೆ ನಡೆಯುವಾಗ ಅಣು ಕದಡಿ ಹೋಗುತ್ತದೆ. ಕದಡಿದ ಮೇಲೆ ಸಿಕ್ಕಿದ್ದನ್ನು ನೋಡಿ, ಮೊದಲು ಹೇಗಿತ್ತು ಎಂದು ಹೇಳಲಾಗದು. ಸೂತ್ರ ಅನ್ನುವುದು ಆ ವಸ್ತುವಿನ ಕ್ರಿಯೆಗಳನ್ನು ಚಿಕ್ಕದಾಗಿ ಬರೆದಿಡುವ ರೀತಿ ಅಷ್ಟೇ. ಕ್ರಿಯೆ ಬೇರೆಯಾದರೆ ಸೂತ್ರವನ್ನೂ ಬೇರೆ ಬರೆಯಿರಿ, ಅದರಲ್ಲಿ ತಪ್ಪೇನಿದೆ? ಈ ವಾದವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಅದು ಎಚ್ಚರದ ಮಾತು. 19 ಸೂತ್ರಗಳು ಒಟ್ಟೊಟ್ಟಿಗೆ ಬದುಕಿದ್ದು ಇದರಿಂದಲೇ. ಗೆರ್ಹಾರ್ಟ್ 1853ರಲ್ಲಿ ಎಲ್ಲ ಸಾವಯವ ವಸ್ತುಗಳನ್ನೂ ನಾಲ್ಕು ಮಾದರಿಗಳ ಕೆಳಗೆ ಸೇರಿಸಿದರು: ಹೈಡ್ರೋಜನ್, ಹೈಡ್ರೋಜನ್ ಕ್ಲೋರೈಡ್, ನೀರು, ಅಮೋನಿಯಾ. ಆಲ್ಕೋಹಾಲ್ ಅಂದರೆ ಒಂದು ಹೈಡ್ರೋಜನ್ ಹೋಗಿ ಅಲ್ಲಿ ಕಾರ್ಬನ್ ಗುಂಪು ಬಂದ ನೀರು. ಈಥರ್ ಅಂದರೆ ಎರಡೂ ಬದಲಾದ ನೀರು. ಇದಕ್ಕೆ ಲಂಡನ್‌ನ ವಿಲಿಯಂಸನ್ 1850ರಲ್ಲಿ ಈಥರ್‌ಗಳ ಮೇಲೆ ಮಾಡಿದ ಕೆಲಸ ಗಟ್ಟಿ ಆಧಾರವಾಗಿತ್ತು.

ಹಿಡಿಯುವ ಶಕ್ತಿ

ಬೀಗದ ಕೈ ಸಿಕ್ಕಿದ್ದು ಲೋಹಗಳ ಕಡೆಯಿಂದ. 1849ರ ಬೇಸಿಗೆಯಲ್ಲಿ ಮಾರ್ಬುರ್ಗ್‌ನ ಲ್ಯಾಬಿನಲ್ಲಿ ಫ್ರಾಂಕ್ಲಂಡ್ ಸತುವನ್ನೂ ಮೀಥೈಲ್ ಅಯೋಡೈಡನ್ನೂ ಗಾಜಿನ ಕೊಳವೆಯಲ್ಲಿ ಮುಚ್ಚಿ ಕಾಯಿಸಿದರು. ಉಳಿದ ವಸ್ತುವಿನ ಮೇಲೆ ನೀರು ಹಾಕಿದ ಕೂಡಲೇ ಕೊಳವೆಯಿಂದ ಹಲವು ಅಡಿ ಉದ್ದದ ಹಸಿರು-ನೀಲಿ ಜ್ವಾಲೆ ಚಿಮ್ಮಿತು. ಸಿಕ್ಕಿದ್ದು ಡೈಮೀಥೈಲ್ ಜಿಂಕ್. ಲೋಹಕ್ಕೇ ಕಾರ್ಬನ್ ಗುಂಪುಗಳು ಅಂಟಿಕೊಂಡ ವಸ್ತು. ಇಂಥವನ್ನು ಒಂದಾದ ಮೇಲೊಂದು ಮಾಡುತ್ತ ಹೋದ ಫ್ರಾಂಕ್ಲಂಡ್ ಒಂದು ವಿಷಯ ಗಮನಿಸಿದರು. ನೈಟ್ರೋಜನ್, ರಂಜಕ, ಆರ್ಸೆನಿಕ್, ಆಂಟಿಮನಿ, ಇವು ಯಾವುದರ ಜೊತೆ ಸೇರಿದರೂ ಮೂರನ್ನೋ ಐದನ್ನೋ ಹಿಡಿಯುತ್ತವೆ. ಹಿಡಿದದ್ದು ಏನು ಅನ್ನೋದು ಮುಖ್ಯವಲ್ಲ. ಎಷ್ಟು ಅನ್ನೋದು ಮಾತ್ರ ನಿಗದಿ. 1852ರಲ್ಲಿ ಲಂಡನ್‌ನ ರಾಯಲ್ ಸೊಸೈಟಿಯ ಮುಂದೆ ಅವರು ಇದನ್ನು ಹೇಳಿದರು. ನಾವು ಇವತ್ತು ವೇಲೆನ್ಸಿ ಎಂದು ಓದುವುದು ಇದನ್ನೇ.

ಕಾರ್ಬನ್‌ಗೆ ಎಷ್ಟು? ನಾಲ್ಕು. ಮೀಥೇನ್‌ನಲ್ಲಿ 4 ಹೈಡ್ರೋಜನ್, ಕ್ಲೋರೋಫಾರ್ಮ್‌ನಲ್ಲಿ 3 ಕ್ಲೋರಿನ್ ಮತ್ತು 1 ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್‌ನಲ್ಲಿ ಎರಡೆರಡನ್ನು ಹಿಡಿಯುವ 2 ಆಕ್ಸಿಜನ್. ಸರಿ. ಆದರೆ ಎರಡು ಕಾರ್ಬನ್ ಇರುವ ಈಥೇನ್‌ನಲ್ಲಿ ಹೈಡ್ರೋಜನ್ ಬರೀ 6. ನಾಲ್ಕು ನಾಲ್ಕು ಎಂಟು ಇರಬೇಕಿತ್ತಲ್ಲ? ಮೇ 1858ರಲ್ಲಿ ಅಚ್ಚಾದ ಲೇಖನದಲ್ಲಿ ಕೆಕುಲೆ ಉತ್ತರ ಕೊಟ್ಟರು: ಕಾರ್ಬನ್ ಕಾರ್ಬನ್ನನ್ನೇ ಹಿಡಿಯಬಲ್ಲದು. ಎಂಟರಲ್ಲಿ ಎರಡು ಒಂದನ್ನೊಂದು ಹಿಡಿಯಲು ಖರ್ಚಾದವು. ಉಳಿದವು ಆರು. ಮೂರು ಕಾರ್ಬನ್ ಸಾಲಾಗಿ ನಿಂತರೆ ಹನ್ನೆರಡರಲ್ಲಿ ನಾಲ್ಕು ಖರ್ಚು, ಉಳಿದದ್ದು ಎಂಟು. ಹೀಗೆ ಎಷ್ಟೇ ಉದ್ದದ ಸರಪಳಿ ಇರಲಿ, ಕಾರ್ಬನ್ ಸಂಖ್ಯೆಯನ್ನು ಎರಡರಿಂದ ಗುಣಿಸಿ ಎರಡು ಕೂಡಿಸಿದರೆ ಹೈಡ್ರೋಜನ್ ಸಂಖ್ಯೆ ಸಿಗುತ್ತದೆ. ಪ್ರಯೋಗದಲ್ಲಿ ಸಿಕ್ಕ ಸಂಖ್ಯೆಗಳಿಗೆ ಇದು ಸರಿಯಾಗಿ ಹೊಂದಿತು.

ಕೂಪರ್ ಎಳೆದ ಚುಕ್ಕಿ ಸಾಲು

ಅದೇ ವರ್ಷ, ಅದೇ ಮಾತನ್ನು, ಕೆಕುಲೆಯ ಪರಿಚಯವೇ ಇಲ್ಲದೆ ಇನ್ನೊಬ್ಬರು ಬರೆದರು. ಅವರ ಹೆಸರು ಆರ್ಚಿಬಾಲ್ಡ್ ಸ್ಕಾಟ್ ಕೂಪರ್. ಗ್ಲಾಸ್ಗೊ ಹತ್ತಿರದ ಕರ್ಕಿಂಟಿಲಾಕ್ ಊರಿನವರು, ನೇಯ್ಗೆ ಗಿರಣಿಯ ಮಾಲೀಕರ ಮಗ. ಓದಿದ್ದು ಪ್ರಾಚೀನ ಭಾಷೆಗಳು ಮತ್ತು ತತ್ವಶಾಸ್ತ್ರ. ರಸಾಯನಶಾಸ್ತ್ರಕ್ಕೆ ಬಂದದ್ದು ತಡವಾಗಿ. 1856ರಲ್ಲಿ ಪ್ಯಾರಿಸ್‌ಗೆ ಹೋಗಿ ಅಡಾಲ್ಫ್ ವುರ್ಟ್ಸ್ ಅವರ ಲ್ಯಾಬ್ ಸೇರಿದರು. ಎರಡೇ ವರ್ಷದಲ್ಲಿ, 27ನೇ ವಯಸ್ಸಿಗೆ, 'ಹೊಸ ರಾಸಾಯನಿಕ ಸಿದ್ಧಾಂತ' ಎಂದು ಒಂದು ಲೇಖನ ಸಿದ್ಧಮಾಡಿದರು.

ಗೆರ್ಹಾರ್ಟ್ ಅವರ ಮಾದರಿಗಳನ್ನು ಕೂಪರ್ ಒಪ್ಪಲಿಲ್ಲ. ಅವರು ಕೊಟ್ಟ ಹೋಲಿಕೆ ಇದು: ಒಂದು ಪುಸ್ತಕದಲ್ಲಿರುವ ಪದಗಳು ಹೇಗೆ ಆಗಿವೆ ಎಂದು ತಿಳಿಯಬೇಕಾಗಿದೆ. ಒಬ್ಬರು ಬಂದು, 'ಈ ಒಂದು ಪದವೇ ಮಾದರಿ, ಇದರಲ್ಲಿ ಅಲ್ಲೊಂದು ಇಲ್ಲೊಂದು ಬದಲಾಯಿಸಿದರೆ ಎಲ್ಲ ಪದಗಳೂ ಬರುತ್ತವೆ' ಎನ್ನುತ್ತಾರೆ. ಇದು ಅಸಂಬದ್ಧ ಅಲ್ಲವೇ? ಪದ ಆಗಿರುವುದು ಅಕ್ಷರಗಳಿಂದ. ಅಕ್ಷರಗಳ ಗುಣ ಏನು ಎಂದು ಕಲಿತರೆ ಪದ ತಾನಾಗಿ ತಿಳಿಯುತ್ತದೆ. ಹಾಗೇ ಪರಮಾಣುಗಳ ಗುಣದಿಂದ ಶುರು ಮಾಡಿ. ಕಾರ್ಬನ್‌ನ ಗುಣ ಎರಡು: ಅದು ನಾಲ್ಕನ್ನು ಹಿಡಿಯುತ್ತದೆ, ತನ್ನನ್ನೇ ತಾನು ಹಿಡಿದುಕೊಳ್ಳುತ್ತದೆ.

ಇದರ ಮೇಲೆ ಕೂಪರ್ ಇನ್ನೊಂದು ಹೆಜ್ಜೆ ಇಟ್ಟರು. ಯಾವ ಪರಮಾಣು ಯಾವುದನ್ನು ಹಿಡಿದಿದೆ ಎಂದು ಅವುಗಳ ನಡುವೆ ಚುಕ್ಕಿಗಳ ಸಾಲು ಎಳೆದು ತೋರಿಸಿದರು. ಕೆಕುಲೆ ಅದನ್ನು ಮಾಡಿರಲಿಲ್ಲ. ಅವರ ಸೂತ್ರಗಳು ಇನ್ನೂ ಮಾದರಿಗಳ ಹಳೆ ರೂಪದಲ್ಲೇ ಇದ್ದವು. ಕೂಪರ್ ಆಕ್ಸಿಜನ್ ತೂಕ 8 ಎಂದೇ ಹಿಡಿದಿದ್ದರಿಂದ ಅವರ ಚಿತ್ರಗಳಲ್ಲಿ ಒಂದು ಆಕ್ಸಿಜನ್ ಇರಬೇಕಾದ ಕಡೆ ಎರಡು ಕಾಣುತ್ತವೆ. ಅದೊಂದನ್ನು ಸರಿಮಾಡಿಕೊಂಡು ನೋಡಿದರೆ ಇವತ್ತಿನ ಪುಸ್ತಕದ ಚಿತ್ರಗಳಿಗೂ ಅವಕ್ಕೂ ಬಹಳ ದೂರವಿಲ್ಲ.

ಲೇಖನವನ್ನು ಫ್ರೆಂಚ್ ಅಕಾಡೆಮಿಯಲ್ಲಿ ಓದಿಸಲು ಕೂಪರ್ ವುರ್ಟ್ಸ್ ಅವರ ಕೈಗೆ ಕೊಟ್ಟರು. ವುರ್ಟ್ಸ್ ಆಗ ಅಕಾಡೆಮಿಯ ಸದಸ್ಯರಾಗಿರಲಿಲ್ಲ. ಬೇರೆ ಯಾರಾದರೂ ಸದಸ್ಯರೇ ಅದನ್ನು ಮಂಡಿಸಬೇಕಿತ್ತು. ಕೆಲಸ ತಡವಾಯಿತು. ಅಷ್ಟರಲ್ಲಿ ಕೆಕುಲೆಯ ಲೇಖನ ಅಚ್ಚಾಗಿ ಬಂದೇ ಬಿಟ್ಟಿತು. ಕೂಪರ್ ಲೇಖನವನ್ನು ಡ್ಯೂಮಾ ಮಂಡಿಸಿದ್ದು ಜೂನ್ 14ಕ್ಕೆ. ಕೂಪರ್ ಸಿಟ್ಟಿನಿಂದ ವುರ್ಟ್ಸ್ ಅವರ ಮುಂದೆ ಜಗಳಕ್ಕೆ ನಿಂತರು. ಲ್ಯಾಬ್ ಬಿಡಬೇಕಾಯಿತು. ಊರಿಗೆ ಮರಳಿ ಎಡಿನ್‌ಬರಾದಲ್ಲಿ ಸಹಾಯಕರಾಗಿ ಸೇರಿದರು. 1859ರಲ್ಲಿ ಮನಸ್ಸಿನ ಆರೋಗ್ಯ ಕೆಟ್ಟಿತು. ಮತ್ತೆ ಎಂದೂ ಅವರು ರಸಾಯನಶಾಸ್ತ್ರಕ್ಕೆ ಮರಳಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಕರ್ಕಿಂಟಿಲಾಕ್‌ನಲ್ಲಿ ತಾಯಿಯ ಆರೈಕೆಯಲ್ಲಿ ಬದುಕಿ 1892ರಲ್ಲಿ ತೀರಿಕೊಂಡರು.

ಲೋಕ ಅವರನ್ನು ಪೂರ್ತಿ ಮರೆತಿತ್ತು. ಸ್ಯಾಲಿಸಿಲಿಕ್ ಆಮ್ಲದ ಮೇಲೆ ಅವರು ಮಾಡಿದ್ದ ಒಂದು ಪ್ರಯೋಗ ಕೋಲ್ಬೆಗೂ ಬರಲಿಲ್ಲ, ಕೆಕುಲೆಗೂ ಬರಲಿಲ್ಲ. ಹಾಗಾಗಿ ಅದು ತಪ್ಪು ಎಂದೇ ಎಲ್ಲರೂ ತಿಳಿದರು. 1885ರಲ್ಲಿ ರಿಚರ್ಡ್ ಅನ್‌ಶ್ಯೂಟ್ಸ್ ಅದನ್ನೇ ಮತ್ತೆ ಮಾಡಿದಾಗ ಕೂಪರ್ ಹೇಳಿದಂತೆಯೇ ಬಂತು. ಮುಂದೆ ಕೆಕುಲೆಯ ಜೀವನ ಚರಿತ್ರೆ ಬರೆಯುವಾಗ ಇದೇ ಅನ್‌ಶ್ಯೂಟ್ಸ್, ಈ ಕೂಪರ್ ಯಾರು, ಏನಾದರು ಎಂದು ಸ್ಕಾಟ್ಲೆಂಡಿನವರೆಗೂ ಪತ್ರ ಬರೆದು ಹುಡುಕಿಸಿದರು. 1909ರಲ್ಲಿ ಅವರ ಬದುಕಿನ ಕಥೆಯನ್ನು ಪ್ರಕಟಿಸಿದರು. ಕೆಕುಲೆಯ ಶಿಷ್ಯರೊಬ್ಬರು ಹೀಗೆ ಕೂಪರ್ ಪರವಾಗಿ ನಿಂತದ್ದನ್ನು ನೆನೆದರೆ ನನಗೆ ಮನಸ್ಸು ತುಂಬಿ ಬರುತ್ತದೆ. ರಚನೆಯ ಪಾಠ ಮಾಡುವ ಪ್ರತಿ ಮೇಷ್ಟರೂ ಕೂಪರ್ ಹೆಸರನ್ನು ಒಮ್ಮೆಯಾದರೂ ಹೇಳಬೇಕು.

ಒಂದು ವಸ್ತು, ಒಂದು ಸೂತ್ರ

ಗೆರೆ ಬಂತು. ಆದರೆ 1861ರಲ್ಲೂ ಕೆಕುಲೆ 19 ಸೂತ್ರ ಪಟ್ಟಿ ಮಾಡುತ್ತಿದ್ದರು, ನೆನಪಿದೆಯಲ್ಲ? ಒಂದೇ ವಸ್ತುವಿಗೆ ಹಲವು ಸೂತ್ರ ಇರಬಹುದು ಎಂದು ಅವರಿಗೂ ಅನ್ನಿಸುತ್ತಿತ್ತು. ಅದನ್ನು ಮುರಿದವರು ರಷ್ಯಾದ ಕಜಾನ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಬುಟ್ಲೆರೊವ್. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಸ್ಪೇಯರ್‌ನಲ್ಲಿ ನಡೆದ ವಿಜ್ಞಾನಿಗಳ ಸಮಾವೇಶದಲ್ಲಿ ಅವರು ಮಾತಾಡಿದರು. ಪರಮಾಣುಗಳು ಅಣುವಿನಲ್ಲಿ ಒಂದನ್ನೊಂದು ಹಿಡಿದಿರುವ ಕ್ರಮಕ್ಕೆ 'ರಾಸಾಯನಿಕ ರಚನೆ' ಎಂದರು. ಪ್ರತಿ ವಸ್ತುವಿಗೂ ಇಂಥ ರಚನೆ ಒಂದೇ ಇರುತ್ತದೆ. ಆದ್ದರಿಂದ ಸರಿಯಾದ ಸೂತ್ರವೂ ಒಂದೇ. ಎಲ್ಲ ಕ್ರಿಯೆಗಳನ್ನೂ ಆ ಒಂದೇ ಸೂತ್ರ ವಿವರಿಸಬೇಕು. ವಿವರಿಸದಿದ್ದರೆ ಸೂತ್ರ ತಪ್ಪು.

ಇದು ದಿಟ್ಟ ಮಾತು. ಯಾಕೆಂದರೆ ಹೀಗೆ ಹೇಳಿದ ಮೇಲೆ ಸೋಲುವ ದಾರಿಯೂ ತೆರೆಯಿತು. ನಾಲ್ಕು ಕಾರ್ಬನ್ ಇರುವ ಆಲ್ಕೋಹಾಲ್ ತೆಗೆದುಕೊಳ್ಳಿ. ನಾಲ್ಕೂ ಕಾರ್ಬನ್ ಒಂದೇ ಸಾಲಿನಲ್ಲಿದ್ದರೆ, ಆಲ್ಕೋಹಾಲ್‌ನ ಗುರುತಾದ ಆಕ್ಸಿಜನ್-ಹೈಡ್ರೋಜನ್ ಜೋಡಿ ತುದಿಯಲ್ಲಿ ಕೂರಬಹುದು, ಇಲ್ಲವೇ ತುದಿಯಿಂದ ಎರಡನೆಯದರಲ್ಲಿ. ಇನ್ನೊಂದು ಸಾಧ್ಯತೆ, ಒಂದು ಕಾರ್ಬನ್ ನಡುವೆ ಇದ್ದು ಉಳಿದ ಮೂರು ಅದರ ಸುತ್ತ ಇರುವುದು. ಆಗ ಆ ಜೋಡಿ ಹೊರಗಿನದರ ಮೇಲೆ ಕೂರಬಹುದು, ಇಲ್ಲವೇ ನಟ್ಟ ನಡುವಿನದರ ಮೇಲೆ. ಒಟ್ಟು ನಾಲ್ಕು. ನೀವೇ ಕಾಗದದ ಮೇಲೆ ಬರೆದು ನೋಡಿ, ಐದನೆಯದು ಬರುವುದಿಲ್ಲ.

ಕೊನೆಯ ಥರದ್ದು, ನಡುವಿನ ಕಾರ್ಬನ್‌ನ ಮೇಲೆ ಆ ಜೋಡಿ ಕೂತದ್ದು, ಆಗ ಯಾರೂ ಕಂಡಿರದ ವಸ್ತು. ಬುಟ್ಲೆರೊವ್ ಅದನ್ನು 1863-64ರಲ್ಲಿ ಮಾಡಿ ತೋರಿಸಿದರು. ಬಳಸಿದ್ದು ಫ್ರಾಂಕ್ಲಂಡ್ ಕಂಡುಹಿಡಿದ ಅದೇ ಡೈಮೀಥೈಲ್ ಜಿಂಕ್. ಅಸೆಟೈಲ್ ಕ್ಲೋರೈಡ್‌ನಲ್ಲಿ ಒಂದು ಕಾರ್ಬನ್ ಈಗಾಗಲೇ ಒಂದು ಮೀಥೈಲ್ ಗುಂಪನ್ನೂ ಆಕ್ಸಿಜನ್ನನ್ನೂ ಹಿಡಿದಿದೆ. ಸತು ತನ್ನ ಮೀಥೈಲ್‌ಗಳನ್ನು ಅದೇ ಕಾರ್ಬನ್‌ಗೆ ಒಪ್ಪಿಸುತ್ತದೆ. ಕೊನೆಗೆ ನೀರು ಹಾಕಿದರೆ, ಮೂರು ಮೀಥೈಲ್ ನಡುವೆ ಸಿಕ್ಕಿಕೊಂಡ ಕಾರ್ಬನ್, ಅದರ ನಾಲ್ಕನೇ ಕೈಗೆ ಆಕ್ಸಿಜನ್-ಹೈಡ್ರೋಜನ್. ಇವತ್ತು ನಾವು ಟರ್ಷರಿ ಬ್ಯೂಟೈಲ್ ಆಲ್ಕೋಹಾಲ್ ಅನ್ನುವುದು ಇದನ್ನೇ.

ಅದು ಬೇರೆಯದೇ ವಸ್ತು ಎಂದು ಹೇಗೆ ಗೊತ್ತು? ಒಂದು, ಅದರ ನಡತೆ. ತುದಿಯಲ್ಲಿ ಜೋಡಿ ಇರುವ ಆಲ್ಕೋಹಾಲ್ ಆಕ್ಸಿಡೀಕರಣಗೊಂಡರೆ ಅಷ್ಟೇ ಕಾರ್ಬನ್ ಇರುವ ಆಮ್ಲವಾಗುತ್ತದೆ. ಎರಡನೆಯದರಲ್ಲಿದ್ದರೆ ಕೀಟೋನ್ ಎಂಬ ಬೇರೆ ಬಗೆಯ ವಸ್ತು ಆಗುತ್ತದೆ. ಇದು ಎರಡೂ ಆಗುವುದಿಲ್ಲ. ಆ ಕಾರ್ಬನ್‌ನ ಮೇಲೆ ತೆಗೆಯಲು ಹೈಡ್ರೋಜನ್ನೇ ಇಲ್ಲವಲ್ಲ, ಆದ್ದರಿಂದ ಜೋರು ಮಾಡಿದರೆ ಅಣುವೇ ಒಡೆಯುತ್ತದೆ. ಎರಡು, ಕೈಗೆ ಸಿಗುವ ಗುಣ. ಇದು ಸುಮಾರು 25 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಿಗ್ಗೆ ಬೆಂಗಳೂರಿನ ಲ್ಯಾಬುಗಳಲ್ಲಿ ಇದರ ಬಾಟಲಿ ಗಟ್ಟಿಯಾಗಿರುತ್ತದೆ. ಬಿಸಿನೀರಿನಲ್ಲಿ ಇಟ್ಟು ಕರಗಿಸಿಯೇ ಸುರಿಯಬೇಕು. ಉಳಿದ ಮೂರು ಅಣ್ಣತಮ್ಮಂದಿರು ಆಗಲೂ ನೀರಿನ ಹಾಗೆ ಹರಿಯುತ್ತಿರುತ್ತಾರೆ.

ಇಲ್ಲಿ ಕೋಲ್ಬೆಗೂ ನ್ಯಾಯ ಸಲ್ಲಬೇಕು. ಇಂಥ ಆಲ್ಕೋಹಾಲ್‌ಗಳು ಇರಬೇಕೆಂದು ಅವರು 1860ರ ಹೊತ್ತಿಗೇ ತಮ್ಮದೇ ಲೆಕ್ಕದಿಂದ ಹೇಳಿದ್ದರು. ಆದರೆ ಗೆರೆ ಎಳೆದು ಅಣುವಿನ ಚಿತ್ರ ಬರೆಯುವುದನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ.

ಚಿತ್ರಗಳು ಬೇಗ ಬೇಗ ಸುಧಾರಿಸಿದವು. ವಿಯೆನ್ನಾದ ಶಾಲಾ ಮೇಷ್ಟರು ಯೋಸೆಫ್ ಲೋಶ್ಮಿಟ್ 1861ರಲ್ಲಿ ಸ್ವಂತ ಖರ್ಚಿನಲ್ಲಿ ನೂರಾರು ಅಣುಗಳ ಚಿತ್ರ ಅಚ್ಚು ಹಾಕಿಸಿದರು, ಓದಿದವರು ಕಡಿಮೆ. ಎಡಿನ್‌ಬರಾದ ಅಲೆಕ್ಸಾಂಡರ್ ಕ್ರಮ್ ಬ್ರೌನ್ 1864ರಲ್ಲಿ ಪರಮಾಣುವಿನ ಅಕ್ಷರಕ್ಕೆ ಒಂದು ಸುತ್ತು ಹಾಕಿ, ನಡುವೆ ಗೆರೆ ಎಳೆದು ಬರೆದರು. 1865ರ ಏಪ್ರಿಲ್‌ನಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಹಾಫ್‌ಮನ್ ಲಂಡನ್‌ನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಕ್ರೋಕೆ ಆಟದ ಚೆಂಡುಗಳಿಗೆ ಕಡ್ಡಿ ಚುಚ್ಚಿ ಅಣುಗಳನ್ನು ಜೋಡಿಸಿ ತೋರಿಸಿದರು. ಕಾರ್ಬನ್ ಕಪ್ಪು, ಹೈಡ್ರೋಜನ್ ಬಿಳಿ, ಆಕ್ಸಿಜನ್ ಕೆಂಪು, ನೈಟ್ರೋಜನ್ ನೀಲಿ, ಕ್ಲೋರಿನ್ ಹಸಿರು. ನಮ್ಮ ಶಾಲೆಗಳ ಪ್ಲಾಸ್ಟಿಕ್ ಮಾಡೆಲ್ ಡಬ್ಬಿಯಲ್ಲಿ ಇವತ್ತಿಗೂ ಇದೇ ಬಣ್ಣಗಳಿವೆ.

ಉಂಗುರವನ್ನು ಎಣಿಸಿ ಹಿಡಿದದ್ದು

ಈಗ ಆ ಹಾವಿನ ವಿಷಯ. ಬೆಂಜೀನನ್ನು ಫ್ಯಾರಡೆ 1825ರಲ್ಲೇ ಕಂಡಿದ್ದರು. 6 ಕಾರ್ಬನ್, 6 ಹೈಡ್ರೋಜನ್. ಸರಪಳಿ ಲೆಕ್ಕದಲ್ಲಿ 14 ಹೈಡ್ರೋಜನ್ ಬೇಕಿತ್ತು. ಗೆಂಟ್‌ನಲ್ಲಿದ್ದ ಕೆಕುಲೆ 1865ರಲ್ಲಿ ಸರಪಳಿಯ ಎರಡು ತುದಿಗಳನ್ನೂ ಸೇರಿಸಿ ಉಂಗುರ ಮಾಡಿದರು. ಬಾಲ ಕಚ್ಚಿದ ಹಾವಿನ ಕನಸನ್ನು ಅವರು ಹೇಳಿದ್ದು ಇಪ್ಪತ್ತೈದು ವರ್ಷದ ನಂತರ, 1890ರಲ್ಲಿ ಬರ್ಲಿನ್‌ನಲ್ಲಿ ನಡೆದ ಅವರದೇ ಸನ್ಮಾನದ ದಿನ. ಕನಸು ಬಿದ್ದಿರಲೂಬಹುದು. ಆದರೆ ಉಂಗುರವನ್ನು ಜನ ನಂಬಿದ್ದು ಅದರಿಂದಲ್ಲ.

ನಂಬಿಸಿದ್ದು ಮತ್ತೆ ಎಣಿಕೆಯೇ. ಆರೂ ಮೂಲೆ ಒಂದೇ ಥರ ಇರುವ ಉಂಗುರದಲ್ಲಿ ಒಂದು ಹೈಡ್ರೋಜನ್ ಬದಲಿಗೆ ಬ್ರೋಮಿನ್ ಕೂರಿಸಿದರೆ ಒಂದೇ ವಸ್ತು ಬರಬೇಕು. ಎರಡು ಬ್ರೋಮಿನ್ ಕೂರಿಸಿದರೆ ಮೂರು ಬರಬೇಕು: ಪಕ್ಕಪಕ್ಕ, ಒಂದು ಬಿಟ್ಟು ಒಂದು, ಎದುರುಬದುರು. ಇವನ್ನು ಆರ್ಥೊ, ಮೆಟಾ, ಪ್ಯಾರಾ ಅನ್ನುತ್ತೇವೆ. ಮೂರೇ ಸಿಕ್ಕವು. ಎಷ್ಟು ಹುಡುಕಿದರೂ ನಾಲ್ಕನೆಯದು ಸಿಗಲಿಲ್ಲ.

ಸರಿ, ಮೂರು ಬಾಟಲಿ ನಿಮ್ಮ ಮುಂದಿವೆ. ಯಾವುದು ಆರ್ಥೊ, ಯಾವುದು ಮೆಟಾ, ಯಾವುದು ಪ್ಯಾರಾ? ಕೆಕುಲೆಯ ಶಿಷ್ಯ ವಿಲ್ಹೆಲ್ಮ್ ಕೋರ್ನರ್ ಇದಕ್ಕೆ ದಾರಿ ಕಂಡುಹಿಡಿದು 1874ರಲ್ಲಿ ಪ್ರಕಟಿಸಿದರು. ಪ್ರತಿ ಬಾಟಲಿಯ ವಸ್ತುವಿಗೂ ಮೂರನೆಯ ಗುಂಪೊಂದನ್ನು ಸೇರಿಸಿ, ಎಷ್ಟು ಬೇರೆ ಬೇರೆ ವಸ್ತುಗಳು ಬರುತ್ತವೆ ಎಣಿಸಿ. ಎದುರುಬದುರು ಇದ್ದರೆ ಉಳಿದ ನಾಲ್ಕು ಮೂಲೆಗಳೂ ಒಂದೇ ಥರ, ಹಾಗಾಗಿ ಒಂದೇ ವಸ್ತು. ಪಕ್ಕಪಕ್ಕ ಇದ್ದರೆ ಎರಡು. ಒಂದು ಬಿಟ್ಟು ಒಂದಿದ್ದರೆ ಮೂರು. ಒಂದು ಬಂದರೆ ಪ್ಯಾರಾ, ಎರಡು ಬಂದರೆ ಆರ್ಥೊ, ಮೂರು ಬಂದರೆ ಮೆಟಾ. ಕಾಗದದ ಮೇಲೆ ಆರು ಮೂಲೆ ಬರೆದು ಒಮ್ಮೆ ಇದನ್ನು ಮಾಡಿ ನೋಡಿ. ಯಾವ ಯಂತ್ರವೂ ಇಲ್ಲದೆ, ಒಂದು ಎರಡು ಮೂರು ಎಣಿಸಿ, ಕಾಣದ ಅಣುವಿನಲ್ಲಿ ಯಾವುದು ಎಲ್ಲಿ ಕೂತಿದೆ ಎಂದು ಹೇಳುವುದು! ಇದನ್ನು ಮೊದಲ ಸಲ ಅರ್ಥಮಾಡಿಕೊಂಡಾಗ ಆಗುವ ಖುಷಿಯೇ ಬೇರೆ. 1929ರಲ್ಲಿ ಕ್ಯಾಥ್ಲೀನ್ ಲಾನ್ಸ್‌ಡೇಲ್ ಎಕ್ಸ್-ರೇ ಹಾಯಿಸಿ ನೋಡಿದಾಗ ಬೆಂಜೀನ್ ಉಂಗುರ ಚಪ್ಪಟೆಯಾಗಿತ್ತು, ಆರೂ ಬದಿ ಸಮವಾಗಿದ್ದವು.

ಎಣಿಕೆಯ ಹುಚ್ಚು ಗಣಿತದವರಿಗೂ ಹತ್ತಿತು. ಬರೀ ಕಾರ್ಬನ್ ಮತ್ತು ಹೈಡ್ರೋಜನ್ ಇರುವ ಸರಪಳಿಗಳಲ್ಲಿ 4 ಕಾರ್ಬನ್‌ಗೆ 2 ರಚನೆ, 5ಕ್ಕೆ 3, 6ಕ್ಕೆ 5, 10ಕ್ಕೆ 75, 20ಕ್ಕೆ 3,66,319. ಇದಕ್ಕೆ ಗಣಿತದ ಸೂತ್ರ ಹುಡುಕಲು 1870ರ ದಶಕದಲ್ಲಿ ಕೇಂಬ್ರಿಜ್‌ನ ಆರ್ಥರ್ ಕೇಯ್ಲಿ ಹೊರಟರು. ಅಲ್ಲಿಂದ ಗಣಿತದಲ್ಲಿ ಹೊಸ ದಾರಿಯೇ ತೆರೆಯಿತು.

ಕಾಗದದ ಎಣಿಕೆ ಸೋತದ್ದು ಒಂದು ಕಡೆ. ಲ್ಯಾಕ್ಟಿಕ್ ಆಮ್ಲ ಮೊಸರಿನಲ್ಲೂ ಇದೆ, ಸ್ನಾಯುಗಳಲ್ಲೂ ಇದೆ. ಯೋಹಾನೆಸ್ ವಿಸ್ಲಿಸೇನುಸ್ ಎರಡರ ರಚನೆಯನ್ನೂ ಶೋಧಿಸಿ ನೋಡಿದರು. ಒಂದೇ ರಚನೆ ಬಂತು. ಆದರೆ ಸ್ನಾಯುವಿನದು ಧ್ರುವೀಕೃತ ಬೆಳಕನ್ನು, ಅಂದರೆ ಒಂದೇ ಸಮತಲದಲ್ಲಿ ಕಂಪಿಸುವ ಬೆಳಕನ್ನು, ತಿರುಗಿಸುತ್ತದೆ, ಇನ್ನೊಂದು ತಿರುಗಿಸುವುದಿಲ್ಲ. ವ್ಯತ್ಯಾಸ ಇರುವುದು ಪರಮಾಣುಗಳು ಜಾಗದಲ್ಲಿ ಹರಡಿಕೊಂಡ ರೀತಿಯಲ್ಲೇ ಇರಬೇಕು ಎಂದು ಅವರು 1873ರಲ್ಲಿ ಬರೆದರು. ಮರುವರ್ಷ, ಆಗಷ್ಟೇ 22 ತುಂಬಿದ್ದ ಡಚ್ ಯುವಕ ವಾಂಟ್ ಹಾಫ್ ಮತ್ತು ಫ್ರಾನ್ಸ್‌ನ ಲ ಬೆಲ್ ಬೇರೆ ಬೇರೆಯಾಗಿ ಒಂದೇ ಉತ್ತರ ಕೊಟ್ಟರು. ಕಾರ್ಬನ್‌ನ ನಾಲ್ಕು ಕೈಗಳು ಕಾಗದದ ಮೇಲೆ ಚಪ್ಪಟೆಯಾಗಿಲ್ಲ. ಅವು ನಾಲ್ಕು ಮೂಲೆಯ ಗೋಪುರದ ತುದಿಗಳ ಕಡೆಗೆ ಚಾಚಿವೆ. ನಾಲ್ಕೂ ಕೈಗಳಲ್ಲಿ ಬೇರೆ ಬೇರೆ ಗುಂಪುಗಳಿದ್ದರೆ ಅಂಥ ಅಣುವಿಗೆ ಎರಡು ರೂಪಗಳು, ಒಂದು ಇನ್ನೊಂದರ ಕನ್ನಡಿ ಬಿಂಬ. ಕೋಲ್ಬೆ ಇದನ್ನು ಕಟುವಾಗಿ ಹಳಿದರು. ಆದರೆ ಎಣಿಕೆ ಮತ್ತೆ ಹೊಂದತೊಡಗಿತು.

ನಾಲ್ಕು ಕಾರ್ಬನ್ ಇರುವ ಆಲ್ಕೋಹಾಲ್‌ಗಳನ್ನೇ ಈಗ ಮತ್ತೆ ಎಣಿಸಿ. ತುದಿಯಿಂದ ಎರಡನೆಯ ಕಾರ್ಬನ್‌ನ ಮೇಲೆ ಜೋಡಿ ಕೂತದ್ದರಲ್ಲಿ ಆ ಕಾರ್ಬನ್ ಒಂದು ಹೈಡ್ರೋಜನ್, ಒಂದು ಮೀಥೈಲ್, ಒಂದು ಈಥೈಲ್ (ಎರಡು ಕಾರ್ಬನ್‌ನ ಗುಂಪು), ಒಂದು ಆಕ್ಸಿಜನ್-ಹೈಡ್ರೋಜನ್ ಜೋಡಿ ಹಿಡಿದಿದೆ. ನಾಲ್ಕೂ ಬೇರೆ. ಅದಕ್ಕೆ ಎಡ ಬಲ ಎಂದು ಎರಡು ರೂಪಗಳಿವೆ, ಎರಡೂ ಸಿಕ್ಕಿವೆ. ನಾಲ್ಕು ಇದ್ದದ್ದು ಐದಾಯಿತು.